ಕಾರ್ಡಿಗೆ ವೆಡ್ಡಿಂಗ್, ಅರ್ಜಿಗೆ ಮ್ಯಾರೇಜ್: ಎಲ್ಲಿ ಯಾವುದು ಬರೆಯಬೇಕು?

"ಅಕ್ಕಾ, ಮ್ಯಾರೇಜ್ ಇನ್ವಿಟೇಷನ್ ಅಂತ ಹಾಕೋಣವಾ, ವೆಡ್ಡಿಂಗ್ ಇನ್ವಿಟೇಷನ್ ಅಂತ ಹಾಕೋಣವಾ?" ಮದುವೆ ಕಾರ್ಡಿನ ಮ್ಯಾಟರ್ ಹಿಡಿದುಕೊಂಡು ನಮ್ಮ ಪ್ರೆಸ್ಸಿಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆ ಇದು.

ನಾನು ಶಿವಮೊಗ್ಗದಲ್ಲಿ ಕಾರ್ಡು ಕಂಪೋಸ್ ಮಾಡುವವಳು. ಕನ್ನಡ ಪುಟವನ್ನು ಮನೆಯ ಹಿರಿಯರು ಅಕ್ಷರ ಅಕ್ಷರ ನೋಡುತ್ತಾರೆ. ಚಿ॥ ರಾ॥ ಬಿಟ್ಟುಹೋಗಿದ್ದರೆ, ಕುಲದೇವರ ಹೆಸರು ಮೇಲೆ ಬರದಿದ್ದರೆ, ಸೋದರಮಾವನ ಹೆಸರು ಕೆಳಗೆ ಇಳಿದಿದ್ದರೆ ತಕ್ಷಣ ಹಿಡಿಯುತ್ತಾರೆ. ಇಂಗ್ಲಿಷ್ ಪುಟಕ್ಕೆ ಬಂದ ಕೂಡಲೇ "ಅದು ನೀವೇ ಏನಾದ್ರೂ ಚೆನ್ನಾಗಿ ಹಾಕಿ" ಅನ್ನುತ್ತಾರೆ. ಆ ಪುಟಕ್ಕೂ ಅಷ್ಟೇ ಗಮನ ಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಮಗಳ ಆಫೀಸಿನ ಮ್ಯಾನೇಜರ್ ಅದನ್ನು ಓದುತ್ತಾರೆ. ಡಬ್ಲಿನ್‌ನಲ್ಲೋ ನ್ಯೂಜೆರ್ಸಿಯಲ್ಲೋ ಅಳಿಯನ ಜೊತೆ ಕೆಲಸ ಮಾಡುವವರು ಓದುತ್ತಾರೆ. ಮದುವೆ ಕಳೆದ ಮೇಲೆ ಅದೇ ಕಾರ್ಡು ಸಬ್ ರಿಜಿಸ್ಟ್ರಾರ್ ಕಚೇರಿಗೂ ಹೋಗುತ್ತದೆ, ವೀಸಾ ಫೈಲಿನೊಳಗೂ ಸೇರುತ್ತದೆ.

ಉತ್ತರ ಚಿಕ್ಕದು. ವೆಡ್ಡಿಂಗ್ ಅಂದರೆ ಆ ದಿನದ ಸಮಾರಂಭ. ಮ್ಯಾರೇಜ್ ಅಂದರೆ ಆ ದಿನ ಶುರುವಾಗಿ ಮುಂದೆ ಉಳಿಯುವ ಸಂಬಂಧ, ಜೊತೆಗೆ ಕಾನೂನು ಆ ಸಂಬಂಧಕ್ಕೆ ಕೊಡುವ ಸ್ಥಾನ. ಆದ್ದರಿಂದ ಲಕೋಟೆಯ ಮೇಲೆ ವೆಡ್ಡಿಂಗ್ ಇನ್ವಿಟೇಷನ್ ಅಂತ ಹಾಕಿ. ಆದರೆ ಕಾರ್ಡು ಬಿಡಿಸಿ ಒಳಗೆ ಹೋದರೆ, ಕಚೇರಿಗೆ ರಜೆ ಕೇಳಿ ಮೇಲ್ ಬರೆದರೆ, ಸರ್ಕಾರಿ ಅರ್ಜಿ ತುಂಬಿದರೆ ಅಲ್ಲಲ್ಲಿ ಬೇರೆ ಬೇರೆ ತೊಡಕು ಬರುತ್ತದೆ. ಅವನ್ನು ಒಂದೊಂದಾಗಿ ನೋಡೋಣ.

ನಿಮ್ಮ ಬಾಯಿಗೆ ಆಗಲೇ ಗೊತ್ತಿದೆ

ಇಂಗ್ಲಿಷ್ ಬರಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನೀವು ದಿನಾ ಆಡುವ ಮಾತಿನಲ್ಲೇ ಈ ವ್ಯತ್ಯಾಸ ಸರಿಯಾಗಿ ಇದೆ. ಲವ್ ಮ್ಯಾರೇಜ್ ಅನ್ನುತ್ತೀರಿ. "ಲವ್ ವೆಡ್ಡಿಂಗ್" ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಪ್ರೀ ವೆಡ್ಡಿಂಗ್ ಶೂಟ್ ಅನ್ನುತ್ತೀರಿ. "ಪ್ರೀ ಮ್ಯಾರೇಜ್ ಶೂಟ್" ಅಂತ ಬೋರ್ಡ್ ಹಾಕಿದ ಫೋಟೋ ಸ್ಟುಡಿಯೋ ನಾನು ನೋಡಿಲ್ಲ. ಅರೇಂಜ್ಡ್ ಮ್ಯಾರೇಜ್, ರಿಜಿಸ್ಟರ್ ಮ್ಯಾರೇಜ್, ಮ್ಯಾರೇಜ್ ಸರ್ಟಿಫಿಕೇಟ್, ಮ್ಯಾರೇಜ್ ಬ್ರೋಕರ್ ಇವೆಲ್ಲ ಒಂದು ಗುಂಪು. ವೆಡ್ಡಿಂಗ್ ಆಲ್ಬಮ್, ವೆಡ್ಡಿಂಗ್ ರಿಂಗ್, ವೆಡ್ಡಿಂಗ್ ಪ್ಲಾನರ್, ಡೆಸ್ಟಿನೇಷನ್ ವೆಡ್ಡಿಂಗ್ ಇನ್ನೊಂದು ಗುಂಪು.

ಎರಡು ಗುಂಪನ್ನೂ ಜೋರಾಗಿ ಓದಿ ನೋಡಿ. ಎರಡನೇ ಗುಂಪಿನಲ್ಲಿ ಇರುವುದೆಲ್ಲ ಆ ದಿನಕ್ಕೆ ಬೇಕಾದ ಸಾಮಾನು, ಆ ದಿನದ ಜನ, ಆ ದಿನದ ಜಾಗ. ಮೊದಲನೇ ಗುಂಪಿನಲ್ಲಿ ಇರುವುದು ಇಬ್ಬರು ಯಾವ ಬಗೆಯಲ್ಲಿ ಗಂಡ ಹೆಂಡತಿ ಆದರು, ಅದಕ್ಕೆ ದಾಖಲೆ ಏನು ಅನ್ನುವ ವಿಷಯ. ಚೈಲ್ಡ್ ಮ್ಯಾರೇಜ್ ಕೂಡ ಅದೇ ಗುಂಪಿಗೆ ಸೇರುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಇರುವುದು ಮ್ಯಾರೇಜ್. ಅಲ್ಲಿ ಪ್ರಶ್ನೆ ಆ ಮಗುವಿನ ಮುಂದಿನ ಇಡೀ ಬದುಕಿನದು.

ಹೊಸ ವಾಕ್ಯ ಬರೆಯುವಾಗ ಸಂಶಯ ಬಂದರೆ ಕನ್ನಡದಲ್ಲೇ ಪರೀಕ್ಷೆ ಮಾಡಿ. ನಾವು ಎರಡಕ್ಕೂ ಮದುವೆ ಅಂತಲೇ ಅನ್ನುತ್ತೇವೆ, ಅದಕ್ಕೇ ತೊಡಕು. ಆ ಜಾಗದಲ್ಲಿ "ಮದುವೆ ಸಮಾರಂಭ" ಅಂತ ಇಟ್ಟರೆ ಅರ್ಥ ಕೂಡುತ್ತದಾ ನೋಡಿ. ಕೂಡಿದರೆ ವೆಡ್ಡಿಂಗ್. "ದಾಂಪತ್ಯ" ಅಥವಾ "ಸಂಸಾರ" ಅಂತ ಇಟ್ಟರೆ ಕೂಡುತ್ತದಾ? ಹಾಗಾದರೆ ಮ್ಯಾರೇಜ್. "ಮದುವೆಯಲ್ಲಿ ಊಟ ಚೆನ್ನಾಗಿತ್ತು" ಅಂದರೆ ಸಮಾರಂಭ. "ಅವರ ಮದುವೆ ಮುರಿದುಬಿತ್ತು" ಅನ್ನುವಾಗ ಮಾತ್ರ ನಿಂತು ಯೋಚಿಸಬೇಕು. ಛತ್ರ ಬುಕ್ ಆದ ಮೇಲೆ ಗಂಡಿನ ಕಡೆಯವರು ಬೇಡ ಅಂದಿದ್ದರೆ ನಿಂತದ್ದು ವೆಡ್ಡಿಂಗ್. ನಾಲ್ಕು ವರ್ಷ ಸಂಸಾರ ಮಾಡಿ ಬೇರೆಯಾಗಿದ್ದರೆ ಮುರಿದದ್ದು ಮ್ಯಾರೇಜ್. ಕನ್ನಡದಲ್ಲಿ ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ನಾವೇ ಮಾಡಿ ಕೊಡಬೇಕು.

ಈ ಎರಡು ಪದ ಬಳಕೆಯಲ್ಲಿ ಬೆಳೆದ ಇಂಗ್ಲೆಂಡಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1981ರ ಜುಲೈ 29ರಂದು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ರಾಜಕುಮಾರ ಚಾರ್ಲ್ಸ್ ಮತ್ತು ಡಯಾನಾ ಅವರ ಮದುವೆ ಆಯಿತು. ಕೋಟ್ಯಂತರ ಜನ ಟಿವಿಯಲ್ಲಿ ನೋಡಿದ್ದು ಆ ವೆಡ್ಡಿಂಗ್. ಡಯಾನಾ ಹಾಕಿಕೊಂಡಿದ್ದ ಉದ್ದ ಸೆರಗಿನ ಬಿಳಿ ಉಡುಪು ವೆಡ್ಡಿಂಗ್ ಡ್ರೆಸ್. 1992ರ ಡಿಸೆಂಬರಿನಲ್ಲಿ ಅವರು ಬೇರೆಯಾದ ಸುದ್ದಿ ಬಂತು, 1996ರ ಆಗಸ್ಟ್ 28ರಂದು ವಿಚ್ಛೇದನ ಆಯಿತು. ಆವತ್ತು ಕೊನೆಯಾದದ್ದು ಮ್ಯಾರೇಜ್. ಇಂಗ್ಲಿಷ್ ಪತ್ರಿಕೆಗಳು ಇವೆರಡನ್ನು ಸಾಮಾನ್ಯವಾಗಿ ಅದಲು ಬದಲು ಮಾಡುವುದಿಲ್ಲ.

ಇನ್ನೊಂದು ವಿಷಯ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಮ್ಯಾರೇಜ್ ಅನ್ನುವ ಪದಕ್ಕೆ ಎರಡು ಕೆಲಸ. ಸಂಬಂಧ ಅನ್ನುವುದರ ಜೊತೆಗೆ "ವಿವಾಹವಾಗುವ ಕ್ರಿಯೆ" ಅನ್ನುವ ಅರ್ಥವೂ ಅದಕ್ಕಿದೆ. ಹಾಗಾಗಿ ಗಂಭೀರ ಬರವಣಿಗೆಯಲ್ಲಿ, ಕಾನೂನಿನಲ್ಲಿ, ಚರ್ಚಿನ ದಾಖಲೆಯಲ್ಲಿ ಮದುವೆಯ ವಿಧಿಗೂ ಮ್ಯಾರೇಜ್ ಅನ್ನುತ್ತಾರೆ. ವೆಡ್ಡಿಂಗ್‌ಗೆ ಆ ಸೌಲಭ್ಯ ಇಲ್ಲ. ಸಂಸಾರಕ್ಕೆ ಅದನ್ನು ಬಳಸಲು ಆಗುವುದೇ ಇಲ್ಲ.

ಕಾರ್ಡಿನ ಇಂಗ್ಲಿಷ್ ಪುಟ

ಈಗ ಹೇಳಿದ ಕಾರಣಕ್ಕೇ ಕಾರ್ಡಿನ ಒಳಗೆ ಮ್ಯಾರೇಜ್ ಅಂತ ಇದ್ದರೆ ತಪ್ಪಲ್ಲ. ಕೆಲವು ಓದಿದ ಹುಡುಗರು ಬಂದು "ಒಳಗೆ ಮ್ಯಾರೇಜ್ ಅಂತ ಇದೆ, ತೆಗೆದುಬಿಡಿ" ಅನ್ನುತ್ತಾರೆ. ನಾನು ತಡೆಯುತ್ತೇನೆ. ಇಂಗ್ಲಿಷರ ಹಳೆಯ ಶಿಷ್ಟ ಮಾದರಿಯಲ್ಲೇ "ಅಟ್ ದಿ ಮ್ಯಾರೇಜ್ ಆಫ್ ದೇರ್ ಡಾಟರ್" ಅಂತ ಇದೆ. ಅಲ್ಲಿ ತಂದೆ ತಾಯಿ ತಮ್ಮ ಹೆಸರಿನಲ್ಲಿ ಕರೆಯುತ್ತಾರೆ, ನಮ್ಮ ಕಾರ್ಡಿನ ಹಾಗೇ. ಸ್ವಲ್ಪ ಈಚಿನ, ಸರಳ ಮಾದರಿಯಲ್ಲಿ "ಅಟ್ ದಿ ವೆಡ್ಡಿಂಗ್ ಆಫ್" ಅಂತ ಬರುತ್ತದೆ. ಎರಡೂ ಸರಿ.

ನೋಡಿಕೊಳ್ಳಬೇಕಾದದ್ದು ಎರಡು ಹೆಸರುಗಳ ನಡುವಿನ ಪದ. ಮ್ಯಾರೇಜ್ ಅಂತ ಬರೆದು ಮಗಳ ಹೆಸರು ಮೊದಲು ಹಾಕಿದರೆ ಆ ಹಳೆಯ ಮಾದರಿಯಲ್ಲಿ ನಡುವೆ "ಟು" ಬರುತ್ತದೆ. ವೆಡ್ಡಿಂಗ್ ಅಂತ ಬರೆದರೆ ನಡುವೆ "ಅಂಡ್" ಬರಲಿ. ನಮ್ಮ ಕಾರ್ಡುಗಳಲ್ಲಿ ಬರುವ "ವಿತ್" ಕನ್ನಡದ "ಜೊತೆ" ಇಂದ ಬಂದದ್ದಿರಬಹುದು. ಓದುವವರಿಗೆ ಅರ್ಥ ಆಗುತ್ತದೆ ನಿಜ. ಆದರೂ ಮ್ಯಾರೇಜ್ ಮತ್ತು ಮ್ಯಾರೀಡ್ ಎರಡಕ್ಕೂ ಇಂಗ್ಲಿಷಿನಲ್ಲಿ "ಟು" ಹೊಂದುತ್ತದೆ.

ಛತ್ರದ ಬಾಗಿಲಲ್ಲಿ ಹೂವಿನ ಬೋರ್ಡಿಗೆ ಹಾಕುವ "ವೆಡ್ಸ್" ಬೇರೆ ವಿಷಯ. ಅದು ಕ್ರಿಯಾಪದ, ಪತ್ರಿಕೆಯ ತಲೆಬರಹದ ಭಾಷೆ. ಬೋರ್ಡಿಗೆ ಚೆನ್ನಾಗಿರುತ್ತದೆ. ಮಾತಿನಲ್ಲಿ ಬಳಸಬೇಡಿ.

ಈಗ ಆರತಕ್ಷತೆಗೆ ಬರೋಣ. ಹೊರಗಿನ ಅತಿಥಿಗಳಿಗೆ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಇಂಗ್ಲಿಷ್ ಪದ್ಧತಿಯಲ್ಲಿ ವೆಡ್ಡಿಂಗ್ ರಿಸೆಪ್ಷನ್ ಅಂದರೆ ಮದುವೆಯ ವಿಧಿ ಮುಗಿದ ಮೇಲಿನ ಊಟ, ಸಂತೋಷಕೂಟ. ಬ್ರಿಟನ್ನಿನಲ್ಲಿ ಆ ಊಟಕ್ಕೆ ವೆಡ್ಡಿಂಗ್ ಬ್ರೇಕ್‌ಫಾಸ್ಟ್ ಅಂತ ಹೆಸರು, ಮಧ್ಯಾಹ್ನವಾದರೂ ಸಂಜೆಯಾದರೂ ಅದೇ ಹೆಸರು. ನಮ್ಮ ಕಡೆ ಆರತಕ್ಷತೆ ಎಷ್ಟೋ ಸಲ ಹಿಂದಿನ ದಿನ ಸಂಜೆಯೇ ನಡೆಯುತ್ತದೆ. ಶನಿವಾರ ಸಂಜೆ ರಿಸೆಪ್ಷನ್, ಭಾನುವಾರ ಬೆಳಿಗ್ಗೆ ಮುಹೂರ್ತ. ಇದನ್ನು ಓದಿದ ಐರ್ಲೆಂಡಿನವರು ಶನಿವಾರವೇ ಮದುವೆ ಆಗಿಹೋಗಿದೆ ಅಂದುಕೊಳ್ಳುತ್ತಾರೆ. ಶನಿವಾರ ಬಂದು ಊಟ ಮಾಡಿ, ಭಾನುವಾರ ಊರು ನೋಡಲು ಹೊರಟುಬಿಡುತ್ತಾರೆ. ಧಾರೆ ನೋಡುವ ಆಸೆಯಿಂದ ಅಷ್ಟು ದೂರ ಬಂದವರಿಗೆ ಹಾಗಾಗಬಾರದು.

ಆದ್ದರಿಂದ ಇಂಗ್ಲಿಷ್ ಪುಟದಲ್ಲಿ ಎರಡು ಸಾಲು ಬೇರೆ ಬೇರೆ ಹಾಕಿ. ಮೊದಲ ಸಾಲಿನಲ್ಲಿ ರಿಸೆಪ್ಷನ್, ದಿನ, ಸಮಯ, ಅದರ ಪಕ್ಕ "ಈವ್ ಆಫ್ ದಿ ವೆಡ್ಡಿಂಗ್" ಅನ್ನುವ ನಾಲ್ಕು ಪದ. ಎರಡನೇ ಸಾಲಿನಲ್ಲಿ "ವೆಡ್ಡಿಂಗ್ ಸೆರೆಮನಿ", ಅದರ ಪಕ್ಕ ಮುಹೂರ್ತದ ಸಮಯ. ಮುಹೂರ್ತಂ ಅಂತ ಮಾತ್ರ ಬರೆದರೆ ದೆಹಲಿಯಿಂದ ಬರುವವರಿಗೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ನಾಂದಿ, ವರಪೂಜೆ, ಬೀಗರೂಟ ಇವಕ್ಕೆ ಇಂಗ್ಲಿಷ್ ಹುಡುಕುವ ಕಷ್ಟ ಬೇಡ. ಹಾಗೇ ಬರೆದು, ವಿದೇಶದಿಂದ ಬರುವವರಿಗೆ ಫೋನಿನಲ್ಲಿ ವಿವರಿಸಿ. ಅವರಿಗೂ ಕೇಳಲು ಇಷ್ಟವಾಗುತ್ತದೆ.

ಕರೆಯುವ ಸಾಲಿನಲ್ಲಿ "ಸಾಲಿಸಿಟ್ ಯುವರ್ ಗ್ರೇಷಸ್ ಪ್ರೆಸೆನ್ಸ್" ಅಂತ ಹಾಕುವುದು ಹಳೆಯ ರೂಢಿ. ನಾನಾದರೆ "ರಿಕ್ವೆಸ್ಟ್" ಅಂತ ಹಾಕುತ್ತೇನೆ. ಅದು ಸರಳ, ವಿನಯವೂ ಇದೆ.

ಕಾಗುಣಿತದ ವಿಷಯಕ್ಕೆ ಬಂದರೆ ಎರಡು ಅಪಾಯ. ವೆಡ್ಡಿಂಗ್ ಬರೆಯುವಾಗ ಒಂದು ಇ, ಎರಡು ಡಿ. ಬೆರಳು ಜಾರಿ ಎರಡು ಇ, ಒಂದು ಡಿ ಆದರೆ ಅದು "ವೀಡಿಂಗ್" ಆಗುತ್ತದೆ, ಅಂದರೆ ಕಳೆ ಕೀಳುವುದು. ಅದೂ ಇಂಗ್ಲಿಷಿನಲ್ಲಿ ಇರುವ ಪದವೇ. ಹಾಗಾಗಿ ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ. ಕಣ್ಣಿನಿಂದಲೇ ಹಿಡಿಯಬೇಕು. ಮ್ಯಾರೇಜ್ ಬರೆಯುವಾಗ ಎರಡು ಆರ್, ಆಮೇಲೆ ಐ, ಆಮೇಲೆ ಎ. ತುಂಬ ಜನ ಎ ಮೊದಲು ಹಾಕಿ ಐ ಆಮೇಲೆ ಹಾಕುತ್ತಾರೆ. "ಕ್ಯಾರೇಜ್" ಅನ್ನುವ ಪದವನ್ನು ನೆನಪು ಮಾಡಿಕೊಳ್ಳಿ, ಗಾಡಿ ಅನ್ನುವ ಅರ್ಥದ್ದು. ಮೊದಲಿನ ಸಿ ತೆಗೆದು ಎಂ ಹಾಕಿದರೆ ಮ್ಯಾರೇಜ್ ಸಿಗುತ್ತದೆ.

ನಿಶ್ಚಿತಾರ್ಥದ ಕಾರ್ಡು ಮಾಡಿಸುವವರಿಗೆ ಒಂದು ಮಾತು. ಮದುವೆ ನಿಶ್ಚಯವಾದವರನ್ನು ಕರೆಯುವ ಫಿಯಾನ್ಸೆ ಅನ್ನುವ ಪದಕ್ಕೆ ಹುಡುಗನಾದರೆ ಕೊನೆಯಲ್ಲಿ ಒಂದು ಇ, ಹುಡುಗಿಯಾದರೆ ಎರಡು ಇ. ಫ್ರೆಂಚಿನಿಂದ ಬಂದ ಪದ ಅದು. ನಮ್ಮಲ್ಲಿ ಬಳಸುವ "ವುಡ್ ಬಿ" ಇಲ್ಲೇ ಚಲಾವಣೆ, ಹೊರಗಿನವರಿಗೆ ತಿಳಿಯುವುದಿಲ್ಲ.

ಮಾತಿನಲ್ಲಿ, ಮೇಲ್‌ನಲ್ಲಿ

ಕಾರ್ಡಿನಲ್ಲಿ ಪದ ಆಚೀಚೆ ಆದರೆ ಯಾರಿಗೂ ನೋವಾಗುವುದಿಲ್ಲ. ಮಾತಿನಲ್ಲಿ ಹಾಗಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

"ಮದುವೆ ಮುಗೀತು" ಅಂತ ನಾವು ಸಂತೋಷದಿಂದ ಹೇಳುತ್ತೇವೆ. ಕೈ ತೊಳೆದುಕೊಂಡು, ಛತ್ರದ ಲೆಕ್ಕ ಚುಕ್ತಾ ಮಾಡಿ, "ಅಬ್ಬಾ, ಮದುವೆ ಚೆನ್ನಾಗಿ ಮುಗೀತು" ಅಂದರೆ ಎಲ್ಲರಿಗೂ ನೆಮ್ಮದಿ. ಅದನ್ನೇ ಇಂಗ್ಲಿಷಿಗೆ ಹಾಕಿ "ಮೈ ಮ್ಯಾರೇಜ್ ಈಸ್ ಓವರ್" ಅಂದರೆ ಕೇಳುವವರ ಮುಖ ಬಾಡುತ್ತದೆ. ಗಂಡ ಹೆಂಡತಿ ಬೇರೆಯಾದರು ಅನ್ನುವುದು ಅದರ ಅರ್ಥ. ವಿದೇಶದ ಸಹೋದ್ಯೋಗಿ "ಐ ಆಮ್ ಸೋ ಸಾರಿ" ಅಂದುಬಿಡುತ್ತಾರೆ. ಮದುವಣಿಗನಿಗೆ ಯಾಕೆ ಅಂತ ಗೊತ್ತಾಗುವುದಿಲ್ಲ. "ದಿ ವೆಡ್ಡಿಂಗ್ ವೆಂಟ್ ವೆಲ್" ಅನ್ನಿ. ಹೇಳಬೇಕಾದ ಸಂತೋಷವೆಲ್ಲ ಅದರಲ್ಲಿ ಬರುತ್ತದೆ.

ಅದೇ ರೀತಿ ಮದುವೆ ಮಾಡಿಕೊಂಡು ಕೆಲಸಕ್ಕೆ ವಾಪಸ್ ಬಂದವರನ್ನು "ಹೌ ವಾಸ್ ಯುವರ್ ಮ್ಯಾರೇಜ್?" ಅಂತ ಕೇಳಬಾರದು. ಆಗಿಹೋದ ಸಂಸಾರದ ಬಗ್ಗೆ ಕೇಳಿದ ಹಾಗಾಗುತ್ತದೆ. "ಹೌ ವಾಸ್ ದಿ ವೆಡ್ಡಿಂಗ್?" ಅಂತ ಕೇಳಿ.

"ಅಣ್ಣನ ಮದುವೆಗೆ ರಜೆ ಬೇಕು" ಅನ್ನುವ ಮೇಲ್‌ನಲ್ಲಿ "ಮೈ ಬ್ರದರ್ಸ್ ವೆಡ್ಡಿಂಗ್" ಅಂತ ಬರೆಯಿರಿ. "ಮದುವೆ ಫಿಕ್ಸ್ ಆಗಿದೆ" ಅನ್ನುವುದಕ್ಕೆ "ಮ್ಯಾರೇಜ್ ಈಸ್ ಫಿಕ್ಸ್ಡ್" ಅನ್ನುವುದು ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಿನವರಿಗೆ ಬರೆಯುವಾಗ ನಿಶ್ಚಿತಾರ್ಥ ಆಗಿದ್ದರೆ "ಎಂಗೇಜ್ಡ್" ಅನ್ನಿ. ದಿನ ಗೊತ್ತುಮಾಡಿದ್ದರೆ "ವೆಡ್ಡಿಂಗ್ ಡೇಟ್" ನಿಶ್ಚಯವಾಗಿದೆ ಅಂತ ಬರೆಯಿರಿ. ಮುಂದಕ್ಕೆ ಹಾಕಿದ್ದು, ನಿಂತದ್ದು ಕೂಡ ವೆಡ್ಡಿಂಗೇ. 2020ರ ಲಾಕ್‌ಡೌನ್‌ನಲ್ಲಿ ಅಚ್ಚಾದ ಕಾರ್ಡುಗಳು ಎಷ್ಟೋ ಮನೆಗಳಲ್ಲಿ ಹಾಗೇ ಉಳಿದವು. ಹೊಸ ತಾರೀಖಿನ ಜೊತೆ "ವೆಡ್ಡಿಂಗ್ ಪೋಸ್ಟ್‌ಪೋನ್ಡ್" ಅಂತ ವಾಟ್ಸ್‌ಆಪ್‌ಗೆ ಚಿತ್ರ ಮಾಡಿ ಕಳಿಸಿದವರಿದ್ದಾರೆ. ಅದು ಸರಿಯಾದ ಬಳಕೆ.

ಇನ್ನೊಂದು ಸೂಕ್ಷ್ಮ. "ವಿ ವರ್ ಮ್ಯಾರೀಡ್ ಫಾರ್ ಟೆನ್ ಇಯರ್ಸ್" ಅಂದರೆ ಹತ್ತು ವರ್ಷ ಆಗಿತ್ತು, ಈಗಿಲ್ಲ ಅನ್ನುವ ಧ್ವನಿ ಬರುತ್ತದೆ. ಈಗಲೂ ಜೊತೆಗಿದ್ದರೆ "ವಿ ಹ್ಯಾವ್ ಬೀನ್ ಮ್ಯಾರೀಡ್" ಅನ್ನಬೇಕು. ಮದುವೆಯಾದ ವರ್ಷ ಹೇಳುವಾಗ "ವಿ ಗಾಟ್ ಮ್ಯಾರೀಡ್ ಇನ್ 2015" ಅಂದರೆ ಯಾವ ಸಂಶಯವೂ ಇಲ್ಲ.

ವಾರ್ಷಿಕೋತ್ಸವಕ್ಕೆ ವೆಡ್ಡಿಂಗ್ ಆನಿವರ್ಸರಿ. ವರ್ಷ ಎಣಿಸುವುದು ಆ ದಿನದಿಂದ ತಾನೇ? 25ಕ್ಕೆ ಸಿಲ್ವರ್, 50ಕ್ಕೆ ಗೋಲ್ಡನ್, 60ಕ್ಕೆ ಡೈಮಂಡ್. ಬ್ರಿಟನ್ನಿನಲ್ಲಿ ಐವತ್ತನೇ ವರ್ಷಕ್ಕೆ "ಗೋಲ್ಡನ್ ವೆಡ್ಡಿಂಗ್" ಅಂತಲೇ ಅನ್ನುತ್ತಾರೆ. ಆದರೆ ಕಳೆದ ವರ್ಷಗಳನ್ನು ಹೇಳುವಾಗ "25 ಇಯರ್ಸ್ ಆಫ್ ಮ್ಯಾರೇಜ್". ಶುಭ ಹಾರೈಸಲು ನಾವು ಹೇಳುವ "ಹ್ಯಾಪಿ ಮ್ಯಾರೀಡ್ ಲೈಫ್" ಮುಂದಿನ ಬದುಕಿಗೆ ಕೊಡುವ ಆಶೀರ್ವಾದ. ಇಂಗ್ಲೆಂಡಿನವರು ಹಾಗೆ ಹೇಳದೇ ಇರಬಹುದು, ನನಗೆ ಅದು ಒಳ್ಳೆಯ ಹಾರೈಕೆ ಅನ್ನಿಸುತ್ತದೆ. ಬಿಡಬೇಡಿ.

ಮ್ಯಾರೇಜ್ ಹಾಲ್ ಅನ್ನುವುದನ್ನೂ ಬಿಡಬೇಡಿ. ಅದು ಭಾರತದ ಇಂಗ್ಲಿಷ್. ಊರೂರಲ್ಲಿ ಬೋರ್ಡಿನ ಮೇಲೆ ಇದೆ, ಆಟೋದವರಿಗೆ ಗೊತ್ತು, ವಿಳಾಸಕ್ಕೆ ಬೇಕು. ಅದನ್ನು ವೆಡ್ಡಿಂಗ್ ವೆನ್ಯೂ ಅಂತ ತಿದ್ದಿದರೆ ನೆಂಟರು ದಾರಿ ತಪ್ಪುತ್ತಾರೆ ಅಷ್ಟೇ. ಧರ್ಮಸ್ಥಳದಲ್ಲಿ 1972ರಿಂದ ನಡೆದು ಬಂದಿರುವ ಸಾಮೂಹಿಕ ವಿವಾಹವನ್ನು ನಮ್ಮ ಪತ್ರಿಕೆಗಳು ಮಾಸ್ ಮ್ಯಾರೇಜ್ ಅನ್ನುತ್ತವೆ. ಹೊರದೇಶದ ಪತ್ರಿಕೆಯಾದರೆ ಮಾಸ್ ವೆಡ್ಡಿಂಗ್ ಅಂತ ಬರೆಯುತ್ತದೆ, ಒಂದೇ ಚಪ್ಪರದಡಿ ನಡೆಯುವ ಸಮಾರಂಭ ಅಂತ. ಇಲ್ಲಿನ ಓದುಗರಿಗೆ ಬರೆಯುವಾಗ ಇಲ್ಲಿನ ರೂಢಿ ಸಾಕು. ಯಾರು ಓದುತ್ತಾರೆ ಅನ್ನುವುದನ್ನು ನೋಡಿ ಪದ ಆರಿಸಿ.

ಅರ್ಜಿ ತುಂಬುವಾಗ

ಇಲ್ಲಿ ಆಯ್ಕೆಯೇ ಇಲ್ಲ, ಎಲ್ಲ ಮ್ಯಾರೇಜ್. 1955ರ ಹಿಂದೂ ಮ್ಯಾರೇಜ್ ಆಕ್ಟ್, 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್, 1976ರ ಕರ್ನಾಟಕದ ವಿವಾಹ ನೋಂದಣಿ ಕಾಯ್ದೆ, ಎಲ್ಲದರ ಇಂಗ್ಲಿಷ್ ಹೆಸರಿನಲ್ಲೂ ಅದೇ ಪದ. ವಿವಾಹ ನೋಂದಣಿ ಕಡ್ಡಾಯವಾಗಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದ ಮೇಲೆ ಕಾರ್ಡು ಮಾಡಿಸಿದವರು ಆಮೇಲೆ ಪ್ರಮಾಣಪತ್ರದ ಬಗ್ಗೆಯೂ ಕೇಳಿಕೊಂಡು ಬರುವುದು ಜಾಸ್ತಿ ಆಗಿದೆ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕುವಾಗ ಮದುವೆಯ ಫೋಟೋ, ಆಹ್ವಾನ ಪತ್ರಿಕೆ ಬೇಕಾಗುತ್ತದೆ. ಆದ್ದರಿಂದ ಎಲ್ಲ ಹಂಚಿಬಿಡಬೇಡಿ, ಒಂದಷ್ಟು ಕಾರ್ಡು ಎತ್ತಿಟ್ಟುಕೊಳ್ಳಿ. ಕಾರ್ಡಿನಲ್ಲಿ ಹುಡುಗ ಹುಡುಗಿಯ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಹಾಕಲೇಬೇಕು ಅಂದರೆ ಪಕ್ಕದಲ್ಲಿ ಸಣ್ಣದಾಗಿ ಹಾಕಿ.

"ಡೇಟ್ ಆಫ್ ಮ್ಯಾರೇಜ್" ಅನ್ನುವ ಕಾಲಂ ತುಂಬುವಾಗ ಬಹಳ ಜನ ತಡವರಿಸುತ್ತಾರೆ. ಕಾರ್ಡಿನಲ್ಲಿ ಎರಡು ದಿನ ಇದೆ, ಪ್ರಮಾಣಪತ್ರದಲ್ಲಿ ನೋಂದಣಿಯ ದಿನ ಬೇರೆ ಇದೆ. ಯಾವುದು ಬರೆಯಬೇಕು? ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ಧಾರೆ ನಡೆದ ದಿನ. ಆರತಕ್ಷತೆಯ ದಿನ ಬೇಡ, ನೋಂದಣಿಯ ದಿನವೂ ಬೇಡ. ಆ ಕಾಯ್ದೆಯ 7ನೇ ಕಲಂ ಪ್ರಕಾರ ಗಂಡು ಅಥವಾ ಹೆಣ್ಣಿನ ಕಡೆಯ ಸಂಪ್ರದಾಯದ ವಿಧಿಗಳಿಂದ ಮದುವೆ ಆಗಬೇಕು. ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮ್ಯಾರೇಜ್ ಪೂರ್ಣವಾಗುತ್ತದೆ. 8ನೇ ಕಲಂನಲ್ಲಿ ಹೇಳಿದ ನೋಂದಣಿ, ಮದುವೆ ಆಗಿದೆ ಅನ್ನುವುದಕ್ಕೆ ಸಾಕ್ಷಿ ಮಾತ್ರ. ಈ ಕಾಯ್ದೆ ವೀರಶೈವ, ಲಿಂಗಾಯತರನ್ನು ಹೆಸರು ಹೇಳಿಯೇ ಒಳಗೊಂಡಿದೆ. ಹಾಗಾಗಿ ಅವರ ಮನೆಯ ಮದುವೆಗಳಿಗೂ ಇದೇ ಲೆಕ್ಕ, ಅವರ ವಿಧಿ ನಡೆದ ದಿನ.

2024ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ಇನ್ನೂ ಸ್ಪಷ್ಟ ಮಾಡಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ನಮ್ಮ ಕರ್ನಾಟಕದವರು, ಇದ್ದ ಪೀಠ ಅದು. ವಿಧಿಗಳನ್ನೇ ನಡೆಸದೆ ಪ್ರಮಾಣಪತ್ರ ಮಾತ್ರ ಪಡೆದಿದ್ದ ಒಂದು ಜೋಡಿಯ ಪ್ರಕರಣ. ವಿಧಿ ನಡೆಯದಿದ್ದರೆ ಆ ಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲ ಅಂತ ಪೀಠ ಹೇಳಿತು. ಮದುವೆ ಅಂದರೆ ಹಾಡು, ಕುಣಿತ, ಊಟ ಉಪಚಾರದ ಸಂದರ್ಭ ಮಾತ್ರ ಅಲ್ಲ ಅಂತಲೂ ತೀರ್ಪಿನಲ್ಲಿ ಇದೆ. ಕಾರ್ಡಿಗೆ ಬಂದವರಿಗೆ ನಾನು ಇದನ್ನು ಹೇಳುವುದುಂಟು. ಹಾಡು, ಊಟ, ಶೂಟ್, ಸ್ಟೇಜು ಎಷ್ಟಿದ್ದರೂ ಅದು ವೆಡ್ಡಿಂಗ್‌ನ ಭಾಗ. ಕಾನೂನು ನೋಡುವುದು ಮ್ಯಾರೇಜ್ ಆಯಿತಾ ಅನ್ನುವುದನ್ನು.

ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ಆದವರ ಲೆಕ್ಕ ಬೇರೆ. ಅಲ್ಲಿ ಮೊದಲು ನೋಟಿಸ್ ಕೊಡಬೇಕು, ಆಕ್ಷೇಪಣೆಗೆ 30 ದಿನ ಕಾಯಬೇಕು, ಆಮೇಲೆ ಅಧಿಕಾರಿಯ ಮುಂದೆ ಮೂವರು ಸಾಕ್ಷಿಗಳ ಜೊತೆ ಸಹಿ. ಕಚೇರಿಯಲ್ಲಿ ಹೀಗೆ ಮದುವೆಯಾಗಿ, ಎರಡು ತಿಂಗಳ ಮೇಲೆ ಛತ್ರದಲ್ಲಿ ಧಾರೆ ಮಾಡಿಕೊಂಡವರಿದ್ದಾರೆ. ಅವರು ಅರ್ಜಿಯಲ್ಲಿ ಪ್ರಮಾಣಪತ್ರದಲ್ಲಿರುವ ವಿವಾಹದ ದಿನವನ್ನೇ ಬರೆಯಬೇಕು. ಛತ್ರದ್ದು ಅವರ ವೆಡ್ಡಿಂಗ್. ಅಮೆರಿಕದಲ್ಲಿ ಮೊದಲು ಮದುವೆಯಾಗಿ ಮೈಸೂರಿಗೆ ಬಂದು ಮತ್ತೆ ಧಾರೆ ಮಾಡಿಸಿಕೊಳ್ಳುವ ಮಕ್ಕಳದ್ದೂ ಇದೇ ಕಥೆ. ಎರಡು ವೆಡ್ಡಿಂಗ್ ಆಗಬಹುದು, ಮ್ಯಾರೇಜ್ ಒಂದೇ. ಅರ್ಜಿಯಲ್ಲಿ ಎಷ್ಟು ಮದುವೆ ಅಂತ ಕೇಳಿದರೆ ಒಂದು ಅಂತಲೇ ಬರೆಯಬೇಕು. "ಸೆಕೆಂಡ್ ಮ್ಯಾರೇಜ್" ಅಂದರೆ ಬೇರೆಯೇ ಅರ್ಥ, ಜೋಕೆ. ಅಮೆರಿಕದಲ್ಲಿ ಇನ್ನೆರಡು ಕಾಗದ ಇವೆ. ಮ್ಯಾರೇಜ್ ಲೈಸೆನ್ಸ್ ಮದುವೆಗೆ ಮುಂಚೆ ಪಡೆಯುವ ಅನುಮತಿ. ಮ್ಯಾರೇಜ್ ಸರ್ಟಿಫಿಕೇಟ್ ಆದ ಮೇಲೆ ಸಿಗುವ ದಾಖಲೆ. ಎರಡನೆಯದನ್ನೇ ಜೋಪಾನ ಮಾಡಬೇಕು.

ವೀಸಾಕ್ಕೆ ಹೋಗುವವರಿಗೆ ಎರಡೂ ಪದ ಒಟ್ಟಿಗೆ ಎದುರಾಗುತ್ತವೆ. ಮ್ಯಾರೇಜ್ ಸರ್ಟಿಫಿಕೇಟ್ ತೋರಿಸಿ ಅಂದರೆ ಸರ್ಕಾರದ ಪತ್ರ. ವೆಡ್ಡಿಂಗ್ ಫೋಟೋ ತೋರಿಸಿ ಅಂದರೆ ಧಾರೆ, ತಾಳಿ, ಎರಡೂ ಮನೆಯವರು ಕಾಣುವ ಫೋಟೋ. ಪ್ರೀ ವೆಡ್ಡಿಂಗ್ ಶೂಟಿನ ಫೋಟೋ ಅದಕ್ಕೆ ಸಾಲದು. ದೇವಸ್ಥಾನದಲ್ಲಿ ಮದುವೆಯಾದವರು ಅಲ್ಲಿ ಕೊಟ್ಟ ರಸೀದಿಯನ್ನೇ ಸರ್ಟಿಫಿಕೇಟ್ ಅಂದುಕೊಳ್ಳುತ್ತಾರೆ. ಅದನ್ನು ಇಟ್ಟುಕೊಂಡು ನೋಂದಣಿ ಮಾಡಿಸಿ.

"ಮ್ಯಾರಿಟಲ್ ಸ್ಟೇಟಸ್" ಟೈಪ್ ಮಾಡುವಾಗ ಐ ಮತ್ತು ಟಿ ಅದಲು ಬದಲಾದರೆ "ಮಾರ್ಷಲ್" ಆಗುತ್ತದೆ, ಯುದ್ಧಕ್ಕೆ ಸಂಬಂಧಪಟ್ಟ ಪದ. ಬಯೋಡೇಟಾಗಳಲ್ಲಿ ಇದು ತುಂಬ ಕಾಣುತ್ತದೆ. ಇದಕ್ಕೂ ಕಂಪ್ಯೂಟರ್ ಕೆಂಪು ಗೆರೆ ಎಳೆಯುವುದಿಲ್ಲ.

ಪ್ರೂಫ್ ನೋಡುವುದು

ಈಗ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಪ್ಪು ನೋಡಲು ಕೊಡುವ ಪ್ರತಿ, ವಾಟ್ಸ್‌ಆಪ್‌ನಲ್ಲಿ ಬರುತ್ತದೆ. ಮೊಬೈಲಿನ ಸಣ್ಣ ಪರದೆಯಲ್ಲಿ ಮೇಲಿಂದ ಮೇಲೆ ನೋಡಿ ಹೆಬ್ಬೆರಳು ಒತ್ತಿಬಿಡಬೇಡಿ. ದೊಡ್ಡದು ಮಾಡಿ ನೋಡಿ. ಸಾಧ್ಯವಾದರೆ ಒಂದು ಪ್ರಿಂಟ್ ತೆಗೆಸಿಕೊಳ್ಳಿ. ಕನ್ನಡ ಪುಟ ಮತ್ತು ಇಂಗ್ಲಿಷ್ ಪುಟ ಎರಡನ್ನೂ ಪಕ್ಕದಲ್ಲಿಟ್ಟು ತಾರೀಖು, ವಾರ, ಸಮಯ ತಾಳೆ ನೋಡಿ. ತಾರೀಖಿಗೂ ವಾರಕ್ಕೂ ಕ್ಯಾಲೆಂಡರ್ ತೆಗೆದು ಹೊಂದಿಸಿ. ಇಂಗ್ಲಿಷ್ ಪುಟದಲ್ಲಿ ವೆಡ್ಡಿಂಗ್ ಎಲ್ಲೆಲ್ಲಿ ಬಂದಿದೆ ಅಲ್ಲೆಲ್ಲ ಪೆನ್ನಿನಿಂದ ಡಿ ಎಣಿಸಿ. ಮ್ಯಾರೇಜ್ ಬಂದಿದ್ದರೆ ನಡುವೆ "ಟು" ಇದೆಯಾ ನೋಡಿ. ಆಮೇಲೆ ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಅದರ ಕೈಗೆ ಕೊಟ್ಟು ಜೋರಾಗಿ ಓದಿಸಿ. ದೊಡ್ಡವರು ಇರಬೇಕಾದದ್ದನ್ನು ಓದುತ್ತಾರೆ, ಮಕ್ಕಳು ಇರುವುದನ್ನು ಓದುತ್ತಾರೆ. ಇಷ್ಟಾದ ಮೇಲೆ ಓಕೆ ಅಂತ ಕಳಿಸಿ. ಅಚ್ಚು ಹಾಕುವ ಪ್ಲೇಟ್ ಮಾಡಿದ ಮೇಲೆ ಒಂದು ಅಕ್ಷರ ತಿದ್ದಬೇಕಾದರೂ ಹೊಸ ಪ್ಲೇಟೇ ಆಗಬೇಕು, ಅದರ ಖರ್ಚು ನಿಮ್ಮ ಮೇಲೆ ಬೀಳುತ್ತದೆ.